ಬೋರ್ಡಿನ ಲೆಕ್ಕಕ್ಕೆ ಸಿಗದ ಅರಿಷಿಣ

ನನಗೆ ಆ ನೌಕರಿ ಸಿಕ್ಕಿದ್ದು ನನ್ನ ಅಕ್ಷರದಿಂದ. ಸಾಂಗ್ಲಿಯ ಅರಿಷಿಣದ ವಾಯದಾ ಬಜಾರದಲ್ಲಿ ಕರಿಬೋರ್ಡಿನ ಮೇಲೆ ಭಾವ, ಅಂದರೆ ದರ, ಬರೆಯುತ್ತಿದ್ದ ಹಿರಿಯರೊಬ್ಬರಿಗೆ ಕಣ್ಣಿನ ಪೊರೆ ಬಂದು ಮಿರಜಿನಲ್ಲಿ ಆಪರೇಷನ್ ಆಗಿತ್ತು. ಇನ್ನು ಮುಂದೆ ಸೀಮೆಸುಣ್ಣದ ಧೂಳಿನಿಂದ ದೂರ ಇರಿ ಎಂದು ಡಾಕ್ಟರು ಹೇಳಿದ್ದರಂತೆ. ಅವರ ಜಾಗಕ್ಕೆ ಏಳು ಜನ ಅರ್ಜಿ ಹಾಕಿದ್ದೆವು, ಆರು ಗಂಡಸರು ಮತ್ತು ನಾನು. ಬಜಾರದ ಸೆಕ್ರೆಟರಿ ಸಾಹೇಬರು ಒಬ್ಬೊಬ್ಬರನ್ನೇ ಬೋರ್ಡಿನ ಮುಂದೆ ನಿಲ್ಲಿಸಿ, ಅಂಕಿಗಳನ್ನು ಬಡಬಡ ಕೂಗಿ ಬರೆಸಿ, ತಾವು ಸಭಾಗೃಹದ ಕಟ್ಟಕಡೆಯ ಕಂಬಕ್ಕೆ ಒರಗಿ ನಿಂತು ಓದಿ ನೋಡಿದರು. ನಾನು ಬರೆದದ್ದನ್ನು ಓದಿ ಮುಗಿಸಿದವರು ಕನ್ನಡಕ ತೆಗೆದು, ಕನ್ನಡಕವಿಲ್ಲದೆ ಇನ್ನೊಮ್ಮೆ ಓದಿದರು. "ನಾಳೆ ಹತ್ತು ಗಂಟೆಗೆ ಬಾ" ಎಂದರು.

ನಾನು ಮಿರಜಿನ ಹತ್ತಿರದ ಹಳ್ಳಿ ಆರಗದವಳು. ಮನೆಯಲ್ಲಿ ಕನ್ನಡ, ಓಣಿ ದಾಟಿದರೆ ಮರಾಠಿ. ಸಾಂಗ್ಲಿಯ ಕಾಲೇಜಿನಲ್ಲಿ ಬಿ.ಕಾಂ. ಓದಲು ಬಂದಾಗಿನಿಂದ ಅಪ್ಪನ ತಮ್ಮನ ಮನೆಯಲ್ಲಿದ್ದೆ. ಕಾಕಾ ಮಾರ್ಕೆಟ್ ಯಾರ್ಡಿನಲ್ಲಿ ಸಣ್ಣದೊಂದು ಅಡತಿ ಅಂಗಡಿ ಇಟ್ಟಿದ್ದರು. ರೈತರು ತಂದ ಅರಿಷಿಣವನ್ನು ಲಿಲಾವಿಗೆ, ಅಂದರೆ ಹರಾಜಿಗೆ, ಹಚ್ಚಿ, ತಮ್ಮ ದಲಾಲಿ ಮುರಿದುಕೊಂಡು, ಉಳಿದ ಹಣವನ್ನು ರೈತರ ಕೈಗೆ ಕೊಡುವ ಕೆಲಸ. ಅಜ್ಜನ ಕಾಲದಿಂದ ನಡೆದು ಬಂದದ್ದು. ನನಗೆ ನೌಕರಿ ಸಿಕ್ಕಿತೆಂದು ಅವರ ಹೆಂಡತಿ ಕಾಕು ಪೇಢೆ ತರಿಸಿ ಓಣಿಗೆಲ್ಲ ಹಂಚಿದರು. ಕಾಕಾ ಮಾತ್ರ ಪೇಢೆ ಬಾಯಿಗೆ ಹಾಕಿಕೊಳ್ಳುತ್ತಲೇ ಎಚ್ಚರಿಕೆ ಹೇಳಿದರು.

"ನಮ್ಮ ಮನಿತನದಾಗ ಯಾರೂ ವಾಯದಾ ಮಾಡಿಲ್ಲ. ನೀ ಭಾವ ಬರಿ ತಂಗಿ, ಭಾವದ ಬೆನ್ನ ಹತ್ತಬ್ಯಾಡ."

ವಾಯದಾ ಎಂದರೆ ಮಾತು ಕೊಡುವುದು. ಆಗಸ್ಟಿನಲ್ಲಿ ಇಷ್ಟು ಚೀಲ ಅರಿಷಿಣವನ್ನು ಇಂಥ ಭಾವಕ್ಕೆ ಕೊಡುತ್ತೇನೆ ಎಂದು ಒಬ್ಬ ಮಾರ್ಚಿನಲ್ಲೇ ಮಾತು ಕೊಡುತ್ತಾನೆ, ಇನ್ನೊಬ್ಬ ಒಪ್ಪಿಕೊಳ್ಳುತ್ತಾನೆ. ಮುಂದೆ ಭಾವ ಬಿದ್ದರೆ ಎಂಬ ಭಯ ಬೆಳೆಗಾರನಿಗೆ, ಏರಿದರೆ ಎಂಬ ಭಯ ಮಸಾಲೆ ಗಿರಣಿಯವನಿಗೆ. ಇಬ್ಬರ ಭಯವೂ ಒಂದು ಸೌದಾದಲ್ಲಿ ಕಳೆಯುತ್ತದೆ. ಇದು ಬಜಾರ ಹುಟ್ಟಿದ ಕಾರಣ. ಆದರೆ ಮನೆಯಲ್ಲಿ ಒಂದು ಕೊಂಬು ಅರಿಷಿಣವಿಲ್ಲದವನೂ ಮಾರಬಹುದಿತ್ತು, ಅರಿಷಿಣ ಮೂಸಿಯೂ ನೋಡದವನು ಕೊಳ್ಳಬಹುದಿತ್ತು. ಅಂಥವರೇ ಹೆಚ್ಚಿದ್ದರು. ಅವರು ಆಗಸ್ಟ್ ಬರುವ ಮೊದಲೇ ಸೌದಾ ತಿರುಗಿಸಿ, ಭಾವದ ಫರಕನ್ನಷ್ಟೇ ಕೊಟ್ಟು ತೆಗೆದುಕೊಂಡು ಪಾರಾಗುತ್ತಿದ್ದರು. ಅವರೆಲ್ಲ ಮಧ್ಯಾಹ್ನ ಸಭಾಗೃಹದ ನಡುವೆ ಗುಂಪಾಗಿ ನಿಂತು, ಕೈ ಎತ್ತಿ, ಬೆರಳು ತೋರಿಸಿ, ಗಂಟಲು ಹರಿಯುವಂತೆ ಕೂಗುವಾಗ ನನಗೆ ಮೊದಲ ಎರಡು ದಿನ ಜಗಳವೇ ನಡೆದಿದೆ ಎನಿಸಿತ್ತು.

ಮೊದಲ ವಾರ ಒಂದು ಎಡವಟ್ಟು ಮಾಡಿದೆ. ಆರಗದ ಕನ್ನಡ ಶಾಲೆಯಲ್ಲಿ ಕಲಿತ ಕೈ, ಗಡಿಬಿಡಿಯಲ್ಲಿ ಮರಾಠಿಯ ಏಳರ ಬದಲು ಕನ್ನಡದ ಏಳನ್ನು ಬರೆದುಬಿಟ್ಟಿತು. ಹಿಂದಿನ ಸಾಲಿನವರು ಅದನ್ನು ಬೇರೆಯೇ ಅಂಕಿ ಎಂದು ಓದಿಕೊಂಡರು. ಎರಡು ನಿಮಿಷದಲ್ಲಿ ಯಾರೋ ಕೊಂಡರು, ಯಾರೋ ಮಾರಿದರು, ಹೊರಗಿನ ಎಸ್‌ಟಿಡಿ ಬೂತಿನಿಂದ ಇನ್ಯಾರೋ ಮುಂಬಯಿಗೆ ಫೋನು ಹಚ್ಚಿದರು. ಅರಿಷಿಣ ಎಲ್ಲಿತ್ತೋ ಅಲ್ಲೇ ಇತ್ತು. ನನ್ನ ಒಂದು ಅಂಕಿಯ ಸೊಟ್ಟಕ್ಕೆ ಅದರ ಬೆಲೆ ಬದಲಾಗಿತ್ತು. ಸೆಕ್ರೆಟರಿ ಸಾಹೇಬರು ಆ ಸೌದಾಗಳನ್ನೆಲ್ಲ ರದ್ದು ಮಾಡಿದರು, ನನ್ನನ್ನು ಬೈಯಲಿಲ್ಲ. ನಾನು ಅವತ್ತು ಮನೆಗೆ ಹೋಗಿ ಮರಾಠಿ ಅಂಕಿಗಳನ್ನು ಒಂದು ಪುಸ್ತಕದ ತುಂಬ ತಿದ್ದಿದೆ.

ವ್ಯಾಪಾರಿಗಳು ನನ್ನನ್ನು ಮರಾಠಿಯ ರೂಢಿಯಂತೆ ಅಕ್ಕ ಎಂಬ ಅರ್ಥದಲ್ಲಿ "ತಾಈ" ಎನ್ನುತ್ತಿದ್ದರು. ಒಮ್ಮೆ ನನ್ನನ್ನು ನೋಡಲು ಬಂದ ಅವ್ವ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡು, "ಇಷ್ಟು ಮೀಸೀ ಗಂಡಸರು ನಿನಗ ತಾಯಿ ಅಂತಾರಲ್ಲ, ನನ್ನ ವಯಸ್ಸ ಎಷ್ಟಾತು ಹಂಗಾದ್ರ?" ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು.

ತೊಂಬತ್ತರ ದಶಕದ ನಡುವಿನ ದಿನಗಳು ಅವು. ದೇಶದ ಬಾಗಿಲು ತೆರೆದಿದ್ದಾರೆ ಎಂದು ಪೇಪರಿನಲ್ಲಿ ದಿನವೂ ಬರುತ್ತಿತ್ತು. ಸಾಂಗ್ಲಿಗೂ ಮಿರಜಿಗೂ ನಡುವೆ ಇದ್ದ ಹೊಲಗಳು ಒಂದೊಂದೇ ಪ್ಲಾಟುಗಳಾಗಿ, ಎರಡು ಊರು ರಸ್ತೆಯುದ್ದಕ್ಕೂ ಕೈ ಚಾಚಿ ಒಂದಾಗುತ್ತಿದ್ದವು. ಬಸ್ ಸ್ಟ್ಯಾಂಡಿನ ಎದುರು ಬಾಳೆಹಣ್ಣಿನ ಗಾಡಿಯ ಪಕ್ಕದಲ್ಲೇ ಒಬ್ಬ ಹೊಸ ಕಂಪನಿಗಳ ಶೇರಿನ ಅರ್ಜಿಗಳನ್ನು ಹರವಿಕೊಂಡು ಕೂತಿರುತ್ತಿದ್ದ. ನಮ್ಮ ಕಾಲೇಜಿನ ಮಾಸ್ತರರೇ ಸಾಲಿನಲ್ಲಿ ನಿಂತು ಅವನ್ನು ಒಯ್ಯುತ್ತಿದ್ದರು. ಅರಿಷಿಣ ಇನ್ನು ಹಡಗು ಹಡಗು ಪರದೇಶಕ್ಕೆ ಹೋಗುತ್ತದೆ, ಭಾವಕ್ಕೆ ಮೇರೆಯೇ ಇರುವುದಿಲ್ಲ ಎಂದು ಯಾರ್ಡಿನ ಚಹಾದಂಗಡಿಯಲ್ಲಿ ಮಾತು. ಕಾಕು ರಸ್ತೆ ಬದಿಯ ಹೊಸ ಕಟ್ಟಡವೊಂದರಲ್ಲಿ ಫ್ಲ್ಯಾಟು ನೋಡಿ ಬಂದಿದ್ದರು. ನೆಲಕ್ಕೆ ಬಿಳಿ ಟೈಲ್ಸು, ಅಡುಗೆಮನೆಯಲ್ಲಿ ನಿಂತು ರೊಟ್ಟಿ ಮಾಡುವ ಕಟ್ಟೆ. ಮುಂಗಡಕ್ಕೆಂದು ಕಾಕಾ ಹಣ ಕೂಡಿಸಿಟ್ಟಿದ್ದರು.

ಜುಲೈ ತಿಂಗಳ ಒಂದು ಮಧ್ಯಾಹ್ನ. ಆಗಸ್ಟ್ ವಾಯದೆಯ ಭಾವ ಹದಿನೈದು ದಿನದಿಂದ ಏರುತ್ತಲೇ ಇತ್ತು. ನಾನು ಹಳೆಯ ಅಂಕಿ ಒರೆಸಿ ಹೊಸದನ್ನು ಬರೆದು, ಎಲ್ಲರಿಗೂ ಕಾಣುತ್ತದೆಯೇ ಎಂದು ತಿರುಗಿ ನೋಡಿದೆ. ಹಿಂದಿನ ಕಂಬದ ಹತ್ತಿರ ಕಾಕಾ ನಿಂತಿದ್ದರು. ಬಿಳಿ ಟೋಪಿ ತಲೆಯ ಮೇಲಿರಲಿಲ್ಲ, ಕೈಯಲ್ಲಿತ್ತು. ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ಬೋರ್ಡನ್ನು. ನನ್ನ ಕಣ್ಣು ಅವರಿಗೆ ತಾಗಿದ ಕೂಡಲೇ ಸರಸರನೆ ಹೊರಗೆ ಹೋದರು.

ಸಂಜೆ ಅಂಗಡಿಗೆ ಹೋದೆ. ಕಾಕಾ ಒಬ್ಬರೇ ಗಾದಿಯ ಮೇಲೆ ಕೂತಿದ್ದರು.

"ಯಾಕ ಬಂದಿದ್ರಿ ಕಾಕಾ?"

"ಸುಮ್ನ ಬಂದಿದ್ದೆ."

ಏರುವ ಭಾವಕ್ಕೆ ಹೀಗೆ ಹೆದರುವವರು ಮಾರಿದವರೇ ಎಂದು ನನಗೆ ಗೊತ್ತಿತ್ತು. "ಎಷ್ಟು ಮಾರೀರಿ?"

ಅವರು ಸುಳ್ಳು ಹೇಳುವ ಮನುಷ್ಯರಲ್ಲ. "ಮುನ್ನೂರು ಚೀಲ" ಎಂದರು.

"ಚೀಲ ಎಲ್ಲ್ಯದಾವ?"

"ಎಲ್ಲೂ ಇಲ್ಲ."

ಮಾರ್ಚಿನಲ್ಲಿ ಯಾರ್ಡಿನ ತುಂಬ ಅರಿಷಿಣದ ರಾಶಿ ಬಿದ್ದಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಇಷ್ಟು ಮಾಲು ಇದ್ದ ಮೇಲೆ ಭಾವ ಬೀಳಲೇಬೇಕು ಎಂದು ಲೆಕ್ಕ ಹಾಕಿದರು. ಪಕ್ಕದ ಅಂಗಡಿಯವನು ಒಂದೇ ವರ್ಷದಲ್ಲಿ ವಾಯದಾ ಮಾಡಿ ಕಾರು ತಂದಿದ್ದ. ಫ್ಲ್ಯಾಟಿನ ಮುಂಗಡ ಮಾತ್ರವಲ್ಲ, ಪೂರ್ತಿ ಹಣವೇ ಬಂದರೆ ಹೇಗೆ ಎಂದು ಇವರಿಗೂ ಅನ್ನಿಸಿತು. ಒಬ್ಬ ದಲಾಲನ ಮೂಲಕ, ತಮ್ಮಲ್ಲಿ ಇಲ್ಲದ ಅರಿಷಿಣವನ್ನು ಆಗಸ್ಟಿಗೆ ಕೊಡುತ್ತೇನೆಂದು ಮಾರಿದರು. ಭಾವ ಬಿದ್ದಾಗ ಅಗ್ಗಕ್ಕೆ ಕೊಂಡು ಕೊಟ್ಟರಾಯಿತು ಎಂಬ ಲೆಕ್ಕ. ಆದರೆ ಭಾವ ಏರಿತು. ಏರಿದ ಫರಕನ್ನು ವಾರವಾರ ತುಂಬಬೇಕು. ಫ್ಲ್ಯಾಟಿನ ಹಣ ಆಗಲೇ ಹೋಗಿತ್ತು. ಕಾಕುಗೆ ಇನ್ನೂ ಹೇಳಿರಲಿಲ್ಲ.

ಅರಿಷಿಣದ ವಿಷಯದಲ್ಲಿ ಕಾಕಾ ಹೇಳಿದ್ದು ಸರಿ ಇತ್ತು. ಬಜಾರದ ವಿಷಯದಲ್ಲಿ ತಪ್ಪಿದ್ದರು. ಹೊರಗಿನ ಊರಿನ ಮೂರ್ನಾಲ್ಕು ದೊಡ್ಡ ವ್ಯಾಪಾರಿಗಳು ಒಳಗೊಳಗೇ ಕೂಡಿ, ಯಾರ್ಡಿಗೆ ಬಂದ ಮಾಲನ್ನೆಲ್ಲ ಕೊಂಡು ಹೊಳೆ ದಂಡೆಯ ಪೇವುಗಳಲ್ಲಿ ತುಂಬಿಸಿದ್ದರು. ಪೇವು ಎಂದರೆ ಗಟ್ಟಿ ಮಣ್ಣಿನಲ್ಲಿ ತೋಡಿದ ಹಗೇವು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಬಾಯಿ ಮೆತ್ತಿಬಿಟ್ಟರೆ ಅರಿಷಿಣ ವರ್ಷಗಟ್ಟಲೆ ಹಾಗೇ ಇರುತ್ತದೆ. ಇತ್ತ ಅವರೇ ಬೇರೆ ಬೇರೆ ದಲಾಲರ ಹೆಸರಿನಲ್ಲಿ ಆಗಸ್ಟ್ ವಾಯದೆಯನ್ನೂ ಕೊಳ್ಳುತ್ತಾ ಹೋದರು. ಕೊಡುತ್ತೇನೆ ಎಂದವರ ಹತ್ತಿರ ಮಾಲಿಲ್ಲ, ಮಾಲು ಇರುವುದು ಕೇಳುವವರ ಹತ್ತಿರವೇ. ಕೊಡಬೇಕಾದವರು ಕೊನೆಯ ದಿನ ಅವರ ಬಾಗಿಲಿಗೇ ಹೋಗಿ, ಅವರು ಹೇಳಿದ ಭಾವಕ್ಕೆ ಮಣಿಯಬೇಕು. ಈ ಉಪಾಯವನ್ನು ನಾನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ನಮ್ಮ ಮನೆಯ ಗಾದಿಯ ಮೇಲೆ ಅದು ಹೀಗೆ ಕೂತಿರುತ್ತದೆ ಎಂದು ಪುಸ್ತಕದಲ್ಲಿರಲಿಲ್ಲ.

ವಾಯದೆಯ ಕೊನೆಯ ದಿನಕ್ಕೆ ಹತ್ತು ದಿನ ಉಳಿದಾಗ ಊರಲ್ಲಿ ಒಂದೇ ಸುದ್ದಿ: ಬಜಾರ ನಡೆಸುವ ಕಮಿಟಿಯವರು ಬಜಾರ ಬಂದ್ ಮಾಡಿ, ಸರಾಸರಿ ಭಾವಕ್ಕೆ ಎಲ್ಲ ಸೌದಾ ಮುಗಿಸುತ್ತಾರಂತೆ. ಹಾಗಾದರೆ ಕಾಕಾ ಉಳಿದುಕೊಳ್ಳುತ್ತಿದ್ದರು. ಕಮಿಟಿಯ ಸಭೆ ಶುಕ್ರವಾರ ನಡೆಯಿತು. ಅದರ ಠರಾವನ್ನು ನೀಟಾಗಿ ಬರೆದು ತೆಗೆಯುವ ಕೆಲಸ ಅಕ್ಷರ ಚೆನ್ನಾಗಿದ್ದ ನನಗೇ ಬಂತು. ಬಂದ್ ಇಲ್ಲ. ಮಾರಿದವರು ಮಾಲು ಕೊಡಬೇಕು, ಇಲ್ಲದಿದ್ದರೆ ಅಂದಿನ ಭಾವದಲ್ಲಿ ಹಣ ಕೊಡಬೇಕು. ಠರಾವು ಸೋಮವಾರ ಹೊರಬೀಳುವುದಿತ್ತು, ಅಲ್ಲಿಯವರೆಗೆ ಯಾರಿಗೂ ಹೇಳುವಂತಿಲ್ಲ. ಸಹಿ ಮಾಡಿಸಿಕೊಂಡು, ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಕಾಕಾ ಕೇಳಿಯೇಬಿಟ್ಟರು. ಕಾಕು ಒಳಗೆ ಸ್ನಾನಕ್ಕೆ ಹೋಗಿದ್ದರು.

"ನಿನ್ನೆ ಮೀಟಿಂಗಿನ್ಯಾಗ ಏನಾತು ತಂಗಿ?"

"ಅದನ್ನ ಕೇಳಬ್ಯಾಡ್ರಿ ಕಾಕಾ."

"ಬಂದ್ ಮಾಡ್ತಾರೋ ಇಲ್ಲೋ, ಅಷ್ಟ ಹೇಳು. ಬಾಯಿಲೆ ಹೇಳಬ್ಯಾಡ. ತಲಿ ಅಲ್ಲಾಡಸು ಸಾಕು."

ನಾನು ತಲೆಯನ್ನೂ ಅಲ್ಲಾಡಿಸಲಿಲ್ಲ. ಬಸಿಯಲ್ಲಿದ್ದ ಚಹಾ ನೋಡುತ್ತ ಕೂತೆ. ಐದು ವರ್ಷ ಅವರ ಅನ್ನ ಉಂಡಿದ್ದೆ. ನನ್ನ ಕಾಲೇಜಿನ ಫೀಯನ್ನು ಎರಡು ಸಲ ಅಪ್ಪನಿಗೆ ಗೊತ್ತಿಲ್ಲದಂತೆ ತುಂಬಿದವರು ಅವರು. ಕೊನೆಗೆ ಕಾಕಾನೇ ಟೋಪಿಯಿಂದ ಮುಖ ಒರೆಸಿಕೊಂಡು, "ಕೇಳಬಾರದಿತ್ತು. ತಪ್ಪಾತು" ಎಂದರು. ನನ್ನಂಥ ಹುಡುಗಿಯ ಹತ್ತಿರ ಅವರು ತಪ್ಪಾಯಿತು ಎಂದದ್ದು ಕೇಳಿ ನನಗೆ ಅಳುವೇ ಬಂತು.

ಆಗ ಇದ್ದಕ್ಕಿದ್ದಂತೆ ಮಾವಶಿಯ ಅಟ್ಟ ನೆನಪಾಯಿತು. ಅವ್ವನ ತಂಗಿ ಲಿಂಗನೂರಿನಲ್ಲಿದ್ದಳು, ಹೊಲದ ಕಾರಭಾರವೆಲ್ಲ ಅವಳದೇ. ಬೇಸಿಗೆಯಲ್ಲಿ ಅವಳ ಮನೆಗೆ ಹೋದಾಗ ಅಟ್ಟದ ತುಂಬ ಚೀಲ ಒಟ್ಟಿದ್ದರಿಂದ ಮಲಗಲು ಜಾಗವಿಲ್ಲದೆ ಅಂಗಳದಲ್ಲಿ ಹಾಸಿಗೆ ಹಾಕಿದ್ದಳು. ಅವಳೊಬ್ಬಳ ಮನೆಯಲ್ಲಿ ಅಲ್ಲ, ಆ ಓಣಿಯಲ್ಲೆಲ್ಲ ಹಾಗೇ ಇತ್ತು.

"ಕಾಕಾ, ನಾಳೆ ಲಿಂಗನೂರಿಗೆ ಹೋಗೂಣ ನಡೀರಿ. ಮಾವಶಿ ಅರಿಷಿಣ ಮಾರಿಲ್ಲ."

ಕಾಕಾ ನನ್ನ ಮುಖ ನೋಡಿದರು. ಏನನ್ನೋ ಓದಲು ಪ್ರಯತ್ನಿಸಿದರೋ ಏನೋ. ಆಮೇಲೆ ಏನೂ ಕೇಳದೆ ಹೂಂ ಎಂದರು.

ರವಿವಾರ ಮಿರಜಿನಿಂದ ಬಸ್ಸು ಹಿಡಿದೆವು. ಜಿಟಿಜಿಟಿ ಮಳೆ. ಮಾವಶಿ ಅಂಗಳದಲ್ಲೇ ನಮ್ಮನ್ನು ಕಂಡು, "ಬರ್ರಿ ಬೀಗರ, ಕುಂದ್ರಿ. ಮಾರಿ ಯಾಕ ಹಿಂಗ ಸಣ್ಣ ಆಗೇತಿ?" ಎಂದಳು. ಕಾಕಾ ಚಹಾ ಮುಗಿಯುವ ತನಕ ಮಳೆಯ ಬಗ್ಗೆ, ದ್ರಾಕ್ಷಿಯ ಬಗ್ಗೆ ಮಾತಾಡಿದರು. ಆಮೇಲೆ ಎಲ್ಲವನ್ನೂ ಹೇಳಿದರು. ಒಂದನ್ನೂ ಮುಚ್ಚಿಡಲಿಲ್ಲ.

"ಅರಿಷಿಣ ಐತಿ," ಎಂದಳು ಮಾವಶಿ. "ಮಾರ್ಚದಾಗ ನಿಮ್ಮ ಯಾರ್ಡಿನ್ಯಾಗ ಕೇಳಿದ ರೇಟಿಗೆ ಮಾರೂಕಿಂತ ಹುಳಾ ತಿಂದ್ರೂ ಅಡ್ಡಿಯಿಲ್ಲಂತ ಅಟ್ಟಕ್ಕ ಹಾಕೇನಿ. ಪರದೇಶಕ್ಕ ಹೋಗತೈತಿ, ರೇಟ್ ಏರತೈತಿ ಅಂತ ಎಲ್ಲಾರೂ ಅಂತಿದ್ರಲ್ಲ."

"ಏರಿದ ಮ್ಯಾಲರೆ ತರಬೇಕಿಲ್ಲೋ ಮಾವಶಿ?" ಎಂದೆ ನಾನು.

"ಈ ಮಳಿಯಾಗ ಯಾರು ತರ್ತಾರ? ಮತ್ತ ಇನ್ನೂ ಏರಾಕತ್ತೇತಿ ಅಂತ ಬಸ್ಸಿನ ಕಂಡಕ್ಟರ ಹೇಳ್ದ. ಏರಾಕತ್ತಿದ್ದ ರೇಟಿಗೆ ಶಾಣ್ಯಾರು ಯಾರರೆ ಮಾರ್ತಾರೇನ?"

ಕಾಕಾ ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕರು. ಪೇವು ತುಂಬಿಸಿದ ದೊಡ್ಡವರು ಯಾರ್ಡಿನ ಮಾಲು ಎಣಿಸಿದ್ದರು, ತಮ್ಮ ಹಗೇವು ಎಣಿಸಿದ್ದರು. ಆರಗ, ಲಿಂಗನೂರಿನ ಅಟ್ಟಗಳನ್ನು ಎಣಿಸಿರಲಿಲ್ಲ. ಎಣಿಸುವುದಾದರೂ ಹೇಗೆ? ಅವು ಯಾವ ಬೋರ್ಡಿನ ಮೇಲೂ ಇರಲಿಲ್ಲ.

ಸಂಬಂಧಿಕಳೆಂದು ಮಾವಶಿ ಅಗ್ಗಕ್ಕೆ ಕೊಡುತ್ತಾಳೆ ಎಂದು ಕಾಕಾ ಎಣಿಸಿದ್ದರೆ ಅದು ಅವರ ತಪ್ಪು. ಅವಳು ನನ್ನ ಕಡೆ ತಿರುಗಿ, "ಬೋರ್ಡಿನ ಮ್ಯಾಲ ಶುಕ್ರವಾರ ಏನ ಬರದಿ?" ಎಂದಳು. ಅದು ಎಲ್ಲರೂ ನೋಡಿದ್ದ ಅಂಕಿ, ಹೇಳಿದೆ. ಅವಳು ಕಾಕಾ ಮಾರಿದ್ದ ಭಾವವನ್ನೂ ಕೇಳಿ ತಿಳಿದುಕೊಂಡಳು.

"ಬೀಗರ, ಸಂಬಂಧ ಬ್ಯಾರೆ, ಅರಿಷಿಣ ಬ್ಯಾರೆ. ಬೋರ್ಡಿನ ರೇಟ ಕೊಡೂದು ನಿಮಗ ಆಗೂದಿಲ್ಲ. ನೀವು ಮಾರಿದ ರೇಟಿಗೆ ಕೊಡೂದು ನನಗ ಆಗೂದಿಲ್ಲ. ನಡುವ ಬರ್ರಿ."

ಕಾಕಾ ನಡುವೆ ಬಂದರು. ನಷ್ಟ ಉಳಿಯಿತು, ಆದರೆ ಅದು ಮನುಷ್ಯ ಹೊರಬಹುದಾದ ನಷ್ಟ.

ಮಾವಶಿಯ ಅಟ್ಟದಲ್ಲಿ ಅರವತ್ತು ಚೀಲ ಇದ್ದವು. ಉಳಿದದ್ದಕ್ಕೆ ಅವಳು ಕೊಡೆ ಹಿಡಿದು ಮನೆಮನೆಗೆ ನಡೆದಳು, ನಾವು ಅವಳ ಹಿಂದೆ. ಹಣ ಮಾಲು ಮುಟ್ಟಿದ ಮೇಲೆ ಬರುತ್ತದೆ ಎಂದಾಗ ಒಬ್ಬ ಮುದುಕರು ಕಾಕಾನನ್ನು ಮೇಲಿಂದ ಕೆಳಗೆ ನೋಡಿ, "ಇವರನ್ನ ಹೆಂಗ ನಂಬೂದು?" ಎಂದರು.

"ಇವರ ಅಣ್ಣಗ ನಮ್ಮ ಅಕ್ಕನ್ನ ಕೊಟ್ಟೇವ್ರಿ ಅಜ್ಜಾರ. ಓಡಿ ಎಲ್ಲಿಗೆ ಹೋಗ್ತಾರ?" ಎಂದಳು ಮಾವಶಿ.

ಸಂಜೆ ಹೊತ್ತಿಗೆ ಹನ್ನೊಂದು ಮನೆಯವರು ಒಪ್ಪಿದ್ದರು, ಮುನ್ನೂರು ಚೀಲ ಭರ್ತಿಯಾಗಿತ್ತು.

ಸೋಮವಾರ ಠರಾವು ಹೊರಬಿತ್ತು. ನಾನು ಬೆಳಿಗ್ಗೆಯೇ ಸೆಕ್ರೆಟರಿ ಸಾಹೇಬರ ಕೋಣೆಗೆ ಹೋಗಿ ಕಾಕಾನ ಸೌದಾದ ವಿಷಯ, ಲಿಂಗನೂರಿನ ವಿಷಯ ಎಲ್ಲ ಹೇಳಿದೆ. ನೌಕರಿ ಹೋದರೆ ಹೋಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವರು ಪೆನ್ನಿನ ಟೊಪ್ಪಿಗೆ ಹಾಕುತ್ತ ಮರಾಠಿಯಲ್ಲಿ ಕೇಳಿದರು:

"ಸಭೆಯಲ್ಲಿ ಆದದ್ದನ್ನು ಹೇಳಿದೆಯಾ?"

"ಇಲ್ಲ ಸಾಹೇಬ. ಮಾವಶಿಯ ಅಟ್ಟದ ಮೇಲೆ ಏನಿದೆ ಎಂದು ಹೇಳಿದೆ."

"ಅದು ನಮ್ಮ ಕಪಾಟಿನ ಗುಟ್ಟಲ್ಲ. ಅಟ್ಟಗಳ ಲೆಕ್ಕ ನಮ್ಮ ಕಪಾಟಿನಲ್ಲಿ ಇದ್ದಿದ್ದರೆ ನಾನೂ ಇಷ್ಟು ದಿನ ನಿದ್ದೆ ಮಾಡುತ್ತಿದ್ದೆ" ಎಂದರು ಅವರು. ನಾನು ಅವತ್ತು ಮಾಡಿದ್ದು ಪೂರ್ತಿ ಸರಿಯೇ ಎಂದು ಇವತ್ತಿಗೂ ಖಾತ್ರಿಯಿಲ್ಲ. ಠರಾವು ಗೊತ್ತಿಲ್ಲದಿದ್ದರೂ ನನಗೆ ಆ ಅಟ್ಟ ನೆನಪಾಗುತ್ತಿತ್ತೇ? ಆಗುತ್ತಿತ್ತು ಎಂದುಕೊಳ್ಳುತ್ತೇನೆ.

ಮಾಲು ಎರಡು ಟೆಂಪೊಗಳಲ್ಲಿ ನಾಲ್ಕಾರು ಸಲಕ್ಕೆ, ತಾಡಪತ್ರಿ ಹೊದ್ದುಕೊಂಡು, ಆರಗದ ಮೇಲಿಂದ ಬಂತು. ಮೊದಲು ಪಾಲಿಶ್ ಗಿರಣಿಗೆ, ಅಲ್ಲಿಂದ ಬಜಾರದ ಗೋದಾಮಿಗೆ. ಅಲ್ಲಿ ಪರೀಕ್ಷೆ ಮಾಡುವ ಸರ್ವೇಯರ್ ಪ್ರತಿ ಚೀಲಕ್ಕೂ ಬಂಬು ಎಂಬ ಕಬ್ಬಿಣದ ಚೂಪು ಕೊಳವೆ ಚುಚ್ಚಿ ಒಂದು ಹಿಡಿ ಅರಿಷಿಣ ತೆಗೆದು, ಕೊಂಬನ್ನು ಮುರಿದು ಒಳಬಣ್ಣ ನೋಡುತ್ತಿದ್ದರು. ಚೆನ್ನಾಗಿ ಒಣಗಿದ ಅರಿಷಿಣ ಲೋಹದ ಹಾಗೆ ಟಣ್ಣೆಂದು ಮುರಿಯುತ್ತದೆ. ಕಾಕಾ ಪಕ್ಕದಲ್ಲಿ ಕೈಕಟ್ಟಿ ನಿಂತು ಪ್ರತಿ ಟಣ್ಣಿಗೂ ಉಸಿರು ಬಿಡುತ್ತಿದ್ದರು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಾನು ಓಡಿ ಹೋಗಿ ನೋಡಿದಾಗ ಹದಿನಾಲ್ಕು ಚೀಲಗಳನ್ನು ಬದಿಗಿಟ್ಟಿದ್ದರು. ಅವಕ್ಕೆ ಹುಳ ಬಿದ್ದಿತ್ತು. ಅವುಗಳಲ್ಲಿ ಆರು ಮಾವಶಿಯವೇ.

"ಹುಳಾ ತಿಂದ್ರೂ ಅಡ್ಡಿಯಿಲ್ಲ ಅಂದಿದ್ಲು, ತಿಂದ್ವು ನೋಡು," ಎಂದರು ಕಾಕಾ. ಅವರ ದನಿಯಲ್ಲಿ ಗಾಬರಿ ಇರಲಿಲ್ಲ. ಹದಿನಾಲ್ಕು ಚೀಲದ ಫರಕನ್ನು ಹಣವಾಗಿಯೇ ಕೊಡಬಹುದಿತ್ತು.

ಟೆಂಪೊಗಳನ್ನು ಊರೆಲ್ಲ ನೋಡಿತ್ತು. ಕಾಕಾನ ಹಾಗೆ ಮಾಲಿಲ್ಲದೆ ಮಾರಿ ಕೂತಿದ್ದ ಸಣ್ಣ ವ್ಯಾಪಾರಿಗಳು ಇನ್ನೂ ಇಪ್ಪತ್ತು ಮೂವತ್ತು ಜನ ಇದ್ದರು. ಅವರಿಗೂ ಒಬ್ಬೊಬ್ಬ ಮಾವಶಿ, ಒಬ್ಬೊಬ್ಬ ಬೀಗರು, ಒಂದೊಂದು ಹಳ್ಳಿ ಇತ್ತು. ಮರುದಿನದಿಂದ ಟ್ರ್ಯಾಕ್ಟರು, ಟೆಂಪೊ, ಎತ್ತಿನ ಗಾಡಿ ಕೂಡ ಗೋದಾಮಿನ ಮುಂದೆ ಸಾಲುಗಟ್ಟಿದವು. ಏರುತ್ತಿದ್ದ ರೇಟಿಗೆ ಮಾರದ ಶಾಣ್ಯಾರು ಇಳಿಯತೊಡಗಿದ ಕೂಡಲೇ ಮಾರಲು ಓಡಿ ಬಂದರು. ಸಭಾಗೃಹದಲ್ಲಿ ಕೂಗಾಟದ ದನಿಯೇ ಬದಲಾಯಿತು. ನಾನು ಒರೆಸುವುದು, ಕೆಳಗಿನ ಅಂಕಿ ಬರೆಯುವುದು, ಮತ್ತೆ ಒರೆಸುವುದು. ಮೂರು ದಿನ ಹೀಗೆ. ಬಲತೋಳು ಭುಜದವರೆಗೆ ನೋಯುತ್ತಿತ್ತು, ಆ ನೋವಿನಷ್ಟು ಹಿತವಾದದ್ದು ನನಗೆ ಬೇರೆ ನೆನಪಿಲ್ಲ.

ಮಾಲು ಬಿಗಿಹಿಡಿದ ದೊಡ್ಡವರಿಗೆ ಈಗ ಬಂದ ಮಾಲನ್ನೆಲ್ಲ ಹಣ ಕೊಟ್ಟು ಎತ್ತಬೇಕಾಯಿತು. ಅಷ್ಟು ಹಣ ಅವರಲ್ಲಿರಲಿಲ್ಲ. ನಾಲ್ಕನೆಯ ದಿನ ಅವರ ದಲಾಲರು ಕಮಿಟಿಯ ಮುಂದೆ ಕೈಮುಗಿದು ಸಮಯ ಕೇಳಿದರು. ಸಮಯ ಸಿಗಲಿಲ್ಲ. ಅವರು ಪೇವುಗಳ ಬಾಯಿ ತೆರೆದು ಒಳಗಿದ್ದದ್ದನ್ನೂ ಸಿಕ್ಕ ಭಾವಕ್ಕೆ ಮಾರಿ ಸೌದಾ ಚುಕ್ತಾ ಮಾಡಿದರು. ಲಿಂಗನೂರಿನವರಿಗೆ ಕಾಕಾ ತಾವೇ ಬಸ್ಸಿನಲ್ಲಿ ಹೋಗಿ ಮನೆಮನೆಗೆ ಹಣ ಮುಟ್ಟಿಸಿ ಬಂದರು. ಫ್ಲ್ಯಾಟಿನ ಹಣದಲ್ಲಿ ಅರ್ಧದಷ್ಟು ತಿರುಗಿ ಬಂತು. ಅವತ್ತು ಸಂಜೆ ಕಾಕುಗೆ ಎಲ್ಲವನ್ನೂ ಹೇಳಿದರು. ಕಾಕು, "ನನಗ ಮೊದಲ ಗೊತ್ತಿತ್ತು. ತಿಂಗಳಿಂದ ನೀವು ಉಪ್ಪು ಕಮ್ಮಿ ಆದ್ರೂ ಬೈದಿದ್ದಿಲ್ಲ" ಎಂದರು.

ಅಕ್ಟೋಬರಿನಲ್ಲಿ ಮುಂಬಯಿಯಿಂದ ಸರ್ಕಾರದ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದರು. ದೇಶದಲ್ಲಿ ಇನ್ನಷ್ಟು ವಾಯದಾ ಬಜಾರ ತೆರೆಯಬೇಕೋ, ಇರುವವನ್ನೂ ಮುಚ್ಚಬೇಕೋ ಎಂಬ ಚರ್ಚೆ ದಿಲ್ಲಿಯಲ್ಲಿ ನಡೆದಿತ್ತಂತೆ. ಸಭಾಗೃಹದಲ್ಲಿ ಕುರ್ಚಿ ಹಾಕಿ ಒಬ್ಬೊಬ್ಬರನ್ನೇ ಕೇಳಿದರು. ನಾನು ಟಿಪ್ಪಣಿ ಬರೆಯುತ್ತಿದ್ದೆ. ಇದು ಜೂಜು, ಮುಚ್ಚಿಬಿಡಿ ಎಂದವರು ಬಹಳ ಜನ. ಸುಟ್ಟುಕೊಂಡವರಲ್ಲಿ ಒಬ್ಬರೆಂದು ಕಾಕಾನನ್ನೂ ಎಬ್ಬಿಸಿದರು. ಅವರೂ ಮುಚ್ಚಿ ಎನ್ನುತ್ತಾರೆಂದೇ ಎಲ್ಲರ ನಿರೀಕ್ಷೆ, ನನ್ನದೂ.

ಕಾಕಾ ತಮ್ಮ ಮರಾಠಿಯಲ್ಲಿ, ನಡುನಡುವೆ ಕನ್ನಡದ ಎಳೆತ ಬೆರೆಸಿ, ನಿಧಾನವಾಗಿ ಹೇಳಿದರು: "ನನಗೆ ನಷ್ಟವಾದದ್ದು ನನ್ನ ಆಸೆಯಿಂದ. ಆದರೆ ಬಜಾರ ಮುಚ್ಚಿದರೆ ಆಸೆ ಮುಚ್ಚುವುದಿಲ್ಲ, ಅದು ಗಲ್ಲಿಯಲ್ಲಿ ನಡೆಯುತ್ತದೆ. ಅಲ್ಲಿ ಸೆಕ್ರೆಟರಿಯೂ ಇರುವುದಿಲ್ಲ, ಸರ್ವೇಯರೂ ಇರುವುದಿಲ್ಲ. ಯಾರ ಹತ್ತಿರ ಎಷ್ಟು ಮಾಲಿದೆ, ಒಬ್ಬನೇ ಎಷ್ಟು ಕೊಂಡಿದ್ದಾನೆ ಎಂದು ನಮಗೆ ಕಂಡಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ, ಅವರೂ ಅಷ್ಟು ಧೈರ್ಯ ಮಾಡುತ್ತಿರಲಿಲ್ಲ. ಅದನ್ನು ತೋರಿಸುವ ಕಾಯದೆ ಮಾಡಿ."

ಅಧಿಕಾರಿ ಏನೋ ಬರೆದುಕೊಂಡರು. ಕೆಲವು ತಿಂಗಳ ಮೇಲೆ ಹೊಸ ನಿಯಮಗಳು ಬಂದವು. ಒಬ್ಬನೇ ಇಷ್ಟಕ್ಕಿಂತ ಹೆಚ್ಚು ಕೊಳ್ಳುವಂತಿಲ್ಲ, ದೊಡ್ಡ ಸೌದಾಕ್ಕೆ ದೊಡ್ಡ ಠೇವಣಿ ಇಡಬೇಕು, ಗೋದಾಮಿನಲ್ಲಿರುವ ಮಾಲಿನ ಲೆಕ್ಕವನ್ನು ವಾರಕ್ಕೊಮ್ಮೆ ಬೋರ್ಡಿನ ಮೇಲೆ ಬರೆಯಬೇಕು. ಕಾಕಾನ ಮಾತಿನಿಂದಲೇ ಬಂದವು ಎಂದು ನಾನು ಹೇಳಲಾರೆ. ಬೇರೆ ಊರುಗಳಲ್ಲೂ ಬೇರೆಯವರು ಹೇಳಿದ್ದಿರಬೇಕು. ಆದರೆ ಕಾಯದೆ ಎನ್ನುವುದು ಎಲ್ಲೋ ಮೇಲೆ ಕೂತವರು ಬರೆದು ಕಳಿಸುವಂಥದ್ದು ಎಂದುಕೊಂಡಿದ್ದ ನನಗೆ, ಅದರ ಹಿಂದೆ ಇಂಥ ಗಾಬರಿಗಳು ಇರುತ್ತವೆ ಎಂದು ತಿಳಿದದ್ದು ಅವತ್ತು. ಅಟ್ಟಗಳ ಲೆಕ್ಕ ಮಾತ್ರ ಯಾವ ನಿಯಮಕ್ಕೂ ಸಿಗಲಿಲ್ಲ. ಒಳ್ಳೆಯದೇ ಆಯಿತು ಎಂದು ಮಾವಶಿಯ ಅಭಿಪ್ರಾಯ.

ಅವಳು ಆ ವರ್ಷದ ದೀಪಾವಳಿಯ ಸಂತೆಗೆ ಸಾಂಗ್ಲಿಗೆ ಬಂದಾಗ ನಾನು ಕೆಲಸ ಮಾಡುವ ಜಾಗ ನೋಡಬೇಕೆಂದಳು. ಬಜಾರ ಬಿಡುವಾಗಿತ್ತು. ಸೆಕ್ರೆಟರಿ ಸಾಹೇಬರು ಎದ್ದು ಬಂದು ತಾವೇ ಕುರ್ಚಿ ಎಳೆದು ಕೊಟ್ಟರು. ಲಿಂಗನೂರಿನ ಮಾವಶಿ ಇವರೇ ಎಂದು ತಿಳಿದು, ಮೂಲೆಯಲ್ಲಿ ಪೇಪರು ಓದುತ್ತಿದ್ದ ಇಬ್ಬರು ವ್ಯಾಪಾರಿಗಳೂ ಎದ್ದು ನಮಸ್ಕಾರ ಮಾಡಿದರು. ಅವಳು ಸೆರಗು ಸರಿಮಾಡಿಕೊಂಡು ಕೂತು, ಕಂಬಗಳನ್ನು, ಫ್ಯಾನುಗಳನ್ನು, ಖಾಲಿ ನೆಲವನ್ನು ಸುತ್ತ ನೋಡಿದಳು.

"ಇಲ್ಲಿ ಅರಿಷಿಣ ಎಲ್ಲೈತಿ?"

"ಇಲ್ಲಿ ಇರೂದಿಲ್ಲ ಮಾವಶಿ. ಇಲ್ಲಿ ಬರೇ ಮಾತು."

"ಮತ್ತ ಇಷ್ಟು ದೊಡ್ಡ ಮನಿ ಯಾಕ ಕಟ್ಯಾರ?"

ನಾನು ಅದನ್ನು ಸೆಕ್ರೆಟರಿ ಸಾಹೇಬರಿಗೆ ಮರಾಠಿಯಲ್ಲಿ ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅಲ್ಲಿಂದ ಕಾಕಾನ ಅಂಗಡಿಗೆ ಹೋದೆವು. ಮಧ್ಯಾಹ್ನ ಎರಡರ ಸಮಯ. ಕಾಕಾ ಗಾದಿಯ ಮೇಲೆ ಗೋಡೆಗೆ ಒರಗಿ, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆಯಲ್ಲಿದ್ದರು. ಆ ಬೇಸಿಗೆಯಿಂದ ಅವರು ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ಎಬ್ಬಿಸಲು ಹೋದವಳ ಕೈಯನ್ನು ಮಾವಶಿ ಹಿಡಿದುಕೊಂಡಳು.

"ಮಲಗಲಿ ಬಿಡ. ಬಸ್ಸಿಗೆ ಇನ್ನೂ ಹೊತ್ತೈತಿ," ಎಂದು ಮೆಲ್ಲಗೆ ಹೇಳಿ, ಹೊರಗಿನ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕೂತು, ಸಂತೆಯ ಚೀಲದಿಂದ ಸೀತಾಫಲ ತೆಗೆದು ಎರಡು ಹೋಳು ಮಾಡಿದಳು.